ರಾಟೆಯ ಭಾರ

ಪಂದ್ಯದ ಕಾರನ್ನು ಅಣಿಗೊಳಿಸುವವರಿಗೆ ತೂಕವೇ ಹಗೆ. ಕ್ರ್ಯಾಂಕ್‌ಶಾಫ್ಟಿನ ತುದಿಯ ಭಾರವಾದ ರಾಟೆಯನ್ನು ಕಳಚಿ, ಹಗುರವಾದ ಅಲ್ಯೂಮಿನಿಯಂ ರಾಟೆಯನ್ನು ತೊಡಿಸುವ ಆಸೆ ಅವರಿಗೆ ಸಹಜವಾದುದೇ. ಆದರೆ ಅನೇಕ ಎಂಜಿನುಗಳಲ್ಲಿ ಆ ಭಾರ ವ್ಯರ್ಥವಲ್ಲ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 7,000 ಸುತ್ತು ತಿರುಗುವಾಗ ಕ್ರ್ಯಾಂಕಿನ ಮೇಲೆ 14,000 ಪೆಟ್ಟುಗಳು ಬೀಳುತ್ತವೆ. ಪೆಟ್ಟುಪೆಟ್ಟಿಗೂ ಅದು ತುಸು ತಿರುಚಿಕೊಂಡು ಮರಳುತ್ತದೆ. ಪೆಟ್ಟಿನ ಲಯವೂ ಕ್ರ್ಯಾಂಕಿನ ಸ್ವಂತ ಲಯವೂ ಕೂಡಿದರೆ ಉಕ್ಕೂ ಬಿರಿಯಬಹುದು. ಈ ಕಂಪನವನ್ನು ತಣಿಸುವ ಸಾಧನಕ್ಕೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರಲ್ಲಿಯೇ ಪೇಟೆಂಟು ಕೋರಿದ್ದನು. ಇಂದಿನ ಅನೇಕ ರಾಟೆಗಳಲ್ಲಿ ಹೊರಬಳೆಗೂ ನಡುವಣ ಗುಂಭಕ್ಕೂ ಮಧ್ಯದ ರಬ್ಬರು ಆ ಕೆಲಸವನ್ನು ಮಾಡುತ್ತದೆ. ಆದುದರಿಂದ ಕೊಳ್ಳುವವನು ಮೊದಲು ಕೇಳಬೇಕಾದುದು ತೂಕವನ್ನಲ್ಲ. ಆ ಎಂಜಿನು ಮುಟ್ಟುವ ಗರಿಷ್ಠ ವೇಗದಲ್ಲಿ ಅದು ಕಂಪನವನ್ನು ತಡೆಯಬಲ್ಲುದೇ ಎಂಬುದನ್ನು. ಹಳೆಯ ರಬ್ಬರು ಬಿರುಕುಬಿಟ್ಟಿದ್ದರೆ ಮೂಲದ ರಾಟೆಯನ್ನೂ ನಂಬಲಾಗದು.