ನೀರೊಲೆಯ ಉಸಿರು

ಚೇಕಾಡಿಯಂತಹ ಊರಿನಲ್ಲಿ ಬಿಸಿನೀರು ಭೋಗದ ವಸ್ತುವಲ್ಲ. ಸುತ್ತಲೂ ಕಾಡು, ನಡುವೆ ಗಂಧಕಶಾಲೆ ಬೆಳೆಯುವ ಗದ್ದೆಗಳು, ಅಂಚಿನಲ್ಲಿ ಕಬಿನಿ. ಧನು, ಮಕರ ಮಾಸಗಳ ಚಳಿಯಲ್ಲಿ ಗದ್ದೆಯಿಂದ ಮರಳಿದವರಿಗೂ ಬಾಣಂತಿಗೂ ವೃದ್ಧರಿಗೂ ಒಂದು ಹಂಡೆ ಬಿಸಿನೀರು ಔಷಧಕ್ಕೆ ಸಮಾನ. ಆದ್ದರಿಂದಲೇ ಹಂಡೆ ಸೋರಿದ ದಿನ ಮನೆಯೆಲ್ಲ ಗಲಿಬಿಲಿಗೊಳ್ಳುತ್ತದೆ. ಆದರೆ ಸೋರುವುದನ್ನು ನಿಲ್ಲಿಸಿದರೆ ದುರಸ್ತಿ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ನೀರೊಲೆಗೂ ಉಸಿರಾಟವಿದೆ. ಬೆಂಕಿಗೆ ಗಾಳಿ ಒಳಬರಬೇಕು, ಹೊಗೆಯೂ ಹಬೆಯೂ ತಡೆಯಿಲ್ಲದೆ ಹೊರಹೋಗಬೇಕು. ದುರಸ್ತಿಯ ನೆಪದಲ್ಲಿ ಈ ದಾರಿಗಳೇ ಮುಚ್ಚಿಹೋಗುವುದನ್ನು ಕಾಣುತ್ತಿರುವುದರಿಂದ ಈ ತಿಂಗಳು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲು ಸೋರುವ ತಾಮ್ರದ ಹಂಡೆಯನ್ನು ನೋಡೋಣ. ಹೊರಗಿನ ಮಸಿಯನ್ನು ಚೆನ್ನಾಗಿ ಉಜ್ಜಿ ತೆಗೆದು, ಒಣಗಿಸಿ, ತಳಕ್ಕೆ ಸೀಮೆಸುಣ್ಣದ ಪುಡಿ ಸವರಿ, ಒಳಗೆ ನೀರು ತುಂಬಿಸಿರಿ. ಪುಡಿ ಎಲ್ಲಿ ತೊಯ್ದಿತೋ ಅಲ್ಲಿಯೇ ತೂತು. ತವರ, ಸೀಸ ಕೂಡಿದ ಬೆಸುಗೆ 183 ಡಿಗ್ರಿಯ ಸುಮಾರಿಗೆ ಕರಗಲಾರಂಭಿಸುತ್ತದೆ. ಒಳಗಿನ ಕಲಾಯಿಯ ತವರ 232 ಡಿಗ್ರಿಯಲ್ಲಿ ಕರಗುತ್ತದೆ. ಆದರೂ ಒಲೆಯ ಮೇಲೆ ಅವು ನಿಲ್ಲುವುದೇಕೆ? ಒಳಗೆ ನೀರಿರುವವರೆಗೆ ತಳದ ತಾಮ್ರ ನೂರು ಡಿಗ್ರಿಯಿಂದ ಹೆಚ್ಚು ಮೇಲೇರದು. ಬಂದ ಕಾವನ್ನೆಲ್ಲ ನೀರು ಹೀರಿಕೊಳ್ಳುತ್ತದೆ. ನೀರು ಬರಿದಾದ ಹಂಡೆಯ ಕೆಳಗೆ ಕೆಂಡ ಉಳಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಬೆಂಕಿ ನೇರವಾಗಿ ತಾಗುವ ತಳಕ್ಕೆ ಹಿತ್ತಾಳೆಯ ಬೆಸುಗೆಯನ್ನೇ ಹಾಕಿಸುವುದು ಲೇಸು. ಸ್ವಲ್ಪ ಹೆಚ್ಚು ಹಣ ಹೋಗುತ್ತದೆ, ಹೋಗಲಿ.

ಹಂಡೆಗಿಂತ ಹೆಚ್ಚಿನ ಎಚ್ಚರ ಬೇಕಾಗಿರುವುದು ನಡುವೆ ಹೊಗೆಕೊಳವೆಯಿರುವ ತಾಮ್ರದ ಬಾಯ್ಲರಿಗೆ. ಅದರ ಆಲಿಕೆಗೆ ಒಂದು ಚೆಂಬು ತಣ್ಣೀರು ಹೊಯ್ದರೆ ಆ ನೀರು ತಳಕ್ಕಿಳಿದು, ಮೇಲಿನ ಬಿಸಿನೀರು ಅಷ್ಟೇ ಪ್ರಮಾಣದಲ್ಲಿ ಮೂತಿಯಿಂದ ಹೊರಬೀಳುತ್ತದೆ. ಎಷ್ಟು ಸರಳವಾದ ಯುಕ್ತಿ! ಆದರೆ ಇಂದಿನ ಅನುಕೂಲಕ್ಕಾಗಿ ಆಲಿಕೆಯನ್ನು ತೆಗೆದು ತೊಟ್ಟಿಯ ಕೊಳವೆ ಜೋಡಿಸುತ್ತಾರೆ, ಮೂತಿಗೆ ನಲ್ಲಿ ಕೂಡಿಸುತ್ತಾರೆ. ಎರಡೂ ಕಡೆಯ ನಲ್ಲಿಗಳನ್ನು ತಿರುಗಿಸಿ ಮುಚ್ಚಿ, ಕೆಳಗೆ ಸೌದೆ ಉರಿಸಿದರೆ ಏನಾದೀತು? ನೀರು ಹಬೆಯಾದಾಗ ಸುಮಾರು 1,600 ಪಾಲು ಜಾಗ ಬೇಡುತ್ತದೆ. ಆ ಜಾಗ ಸಿಗದಿದ್ದರೆ ಬಾಯ್ಲರನ್ನೇ ಸೀಳಿಕೊಂಡು ಹೊರಬರುತ್ತದೆ. ಕೊಳವೆ ಜೋಡಿಸುವುದಾದರೆ ಬಾಯ್ಲರಿನ ನೆತ್ತಿಯಿಂದ ಮತ್ತೊಂದು ಕೊಳವೆಯನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು ಬಾಯಿ ತೆರೆದೇ ಬಿಡಬೇಕು. ಅದಕ್ಕೆ ಮಾತ್ರ ಎಂದೆಂದಿಗೂ ನಲ್ಲಿ ಕೂಡದು.

ಇಂಗ್ಲೆಂಡಿನ ಕಾಲುವೆಗಳಲ್ಲಿ ಏಳಡಿಗಿಂತ ಕಡಿಮೆ ಅಗಲದ ದೋಣಿಗಳಲ್ಲಿಯೇ ಸಂಸಾರ ಹೂಡಿರುವವರುಂಟು. ಎಂಜಿನನ್ನು ತಣಿಸಿ ಬಿಸಿಯೇರಿದ ನೀರನ್ನು ಸುರುಳಿ ಕೊಳವೆಯೊಳಗೆ ಹರಿಸಿ, ಅದರ ಕಾವಿನಿಂದ ಸ್ನಾನದ ನೀರನ್ನು ಕಾಯಿಸಿಕೊಳ್ಳುತ್ತಾರೆ. ಆ ಪಾತ್ರೆಗೆ ಒತ್ತಡ ಮೀರಿದಾಗ ತಾನೇ ತೆರೆದುಕೊಳ್ಳುವ ಕವಾಟವಿರುತ್ತದೆ. ನಮ್ಮ ವಿದ್ಯುತ್ ಗೀಸರಿಗೂ ಅಂತಹುದೇ ಕವಾಟವಿದೆ. ಅದು ತೊಟ್ಟಿಕ್ಕುತ್ತದೆಂದು ಬಿರಡೆ ಜಡಿಯುವ ಬುದ್ಧಿವಂತರೂ ನಮ್ಮಲ್ಲಿದ್ದಾರೆ!

ಸೌದೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೇರಿಸಲು 1,200 ಕಿಲೋಕ್ಯಾಲರಿ ಸಾಕು. ಒಣಗಿದ ಒಂದು ಕಿಲೋ ಸೌದೆಯಲ್ಲಿ ಅದರ ಮೂರು ಪಾಲಿನಷ್ಟು ಶಾಖವಿದೆ. ಆದರೂ ತೆರೆದ ಒಲೆಗೆ ಎರಡು, ಮೂರು ಕಿಲೋ ಬೇಕಾಗುವುದೆಂದರೆ ಉಳಿದುದೆಲ್ಲ ಗಾಳಿಗೆ ಹೋಯಿತೆಂದೇ ಅರ್ಥ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು ಒಲೆಗಳನ್ನು ಸುಧಾರಿಸಹೊರಟದ್ದು ಈ ನಷ್ಟವನ್ನು ತಗ್ಗಿಸುವುದಕ್ಕಾಗಿಯೇ. ಆನೆಗಳು ತಿರುಗುವ ಕಾಡಿನಂಚಿನಲ್ಲಿ ಒಂದು ಹೊರೆ ಸೌದೆ ಉಳಿಯಿತೆಂದರೆ ಹೆಂಗಸರಿಗೆ ಒಂದು ದಿನದ ಭಯ ತಪ್ಪಿತು.

ಈ ಕಷ್ಟದಿಂದ ಬೇಸತ್ತು ಅನಿಲದ ಗೀಸರ್ ತರುವವರನ್ನು ನಾನು ಆಕ್ಷೇಪಿಸಲಾರೆ. ಆದರೆ ಅದನ್ನು ಕಿಟಕಿಯಿಲ್ಲದ ಬಚ್ಚಲಿನೊಳಗೇ ತೂಗುಹಾಕುವುದನ್ನು ಕಂಡರೆ ಎದೆ ನಡುಗುತ್ತದೆ. ಗಾಳಿ ಸಾಲದೆ ಉರಿಯುವ ಅನಿಲದಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಹೊಗೆಯಾದರೆ ಕಣ್ಣುರಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಇದು ಸದ್ದಿಲ್ಲದೆ ಮಲಗಿಸಿಬಿಡುತ್ತದೆ. ಬೆಂಗಳೂರು, ಮೈಸೂರು ಕಡೆಗಳಿಂದ ಇಂತಹ ಸಾವಿನ ವಾರ್ತೆಗಳನ್ನು ತಾವೂ ಓದಿರಬಹುದು. ಮೇಲೆ ಹೇಳಿದ ದೋಣಿಗಳಲ್ಲಿ 2019ರಿಂದ ಸುರಕ್ಷಾ ಪರೀಕ್ಷೆಗೆ ಈ ವಿಷಾನಿಲದ ಎಚ್ಚರಿಕೆ ಗಂಟೆಯನ್ನೂ ಸೇರಿಸಿದ್ದಾರೆ.

ಸ್ನಾನದ ನಡುವೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ತಡಮಾಡದೆ ಬಯಲಿಗೆ ಬರಬೇಕು. ಗೀಸರನ್ನು ಹೊರಗೋಡೆಗೆ, ಗಾಳಿಯಾಡುವಲ್ಲಿ ಕೂಡಿಸಿ, ನೀರಿನ ಕೊಳವೆಯನ್ನು ಮಾತ್ರ ಒಳಗೆ ತರಬೇಕು. ಈಗಾಗಲೇ ಒಳಗೆ ಕೂಡಿಸಿದವರು ಸ್ಥಳ ಬದಲಿಸುವವರೆಗೆ ಬಾಗಿಲನ್ನು ತೆರೆದಿಟ್ಟು ಬಕೆಟ್ಟಿಗೆ ನೀರು ತುಂಬಿಸಿಕೊಳ್ಳಲಿ. ಗೀಸರನ್ನು ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಅಗಳಿ ಹಾಕಿಕೊಳ್ಳಲಿ.