ಯುವಜನ ನೀತಿಯೂ ಹತ್ತನೆಯ ಇಯತ್ತೆಯ ಹುಡುಗಿಯೂ

ದೇಶದ ಭಾಗ್ಯವು ಅದರ ತರುಣ ತರುಣಿಯರ ಕೈಯಲ್ಲಿರುವದೆಂಬ ಮಾತನ್ನು ಒಪ್ಪದವರಾರು? ನಮ್ಮ ಸರಕಾರದವರು ಅದನ್ನು ಬರಿಯ ಮಾತಾಗಿ ಬಿಟ್ಟಿರುವದಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. 1972ರಲ್ಲಿ ನೆಹರು ಯುವ ಕೇಂದ್ರಗಳು ಹುಟ್ಟಿದವು. ರಾಷ್ಟ್ರೀಯ ಯುವ ನೀತಿಯು ಮೊದಲು 1988ರಲ್ಲಿ ಬಂದು, 2003ರಲ್ಲಿಯೂ 2014ರಲ್ಲಿಯೂ ಹೊಸ ರೂಪವನ್ನು ತಾಳಿತು. ಇವುಗಳಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಆ ಉಪಕಾರವು ಯಾವ ವಯಸ್ಸಿನಲ್ಲಿ, ಯಾರ ಬಾಗಿಲಿಗೆ ಮುಟ್ಟುವದೆಂಬದನ್ನು ಹೆಣ್ಣುಮಕ್ಕಳ ಶಾಲೆಯವರಾದ ನಾವು ಕೇಳಲೇಬೇಕಾಗಿದೆ.

2003ರ ನೀತಿಯು 13ರಿಂದ 35 ವರ್ಷದವರನ್ನು ಯುವಜನರೆಂದು ಕರೆಯಿತು; 2014ರ ನೀತಿಯು 15ರಿಂದ 29 ವರ್ಷದವರನ್ನು ಹಾಗೆ ಎಣಿಸಿತು. ಹತ್ತನೆಯ ಇಯತ್ತೆಯ ಹುಡುಗಿಗೆ ಸಾಧಾರಣವಾಗಿ ಹದಿನೈದು ಹದಿನಾರು ವರ್ಷ. ಸರಕಾರದ ಪುಸ್ತಕದಲ್ಲಿ ಅವಳ ಯೌವನವು ಆರಂಭವಾಗುವ ವರ್ಷವೂ, ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಅವಳ ಓದು ಮುಗಿಯುವ ವರ್ಷವೂ ಒಂದೇ ಆಗಿರುವದು ಶೋಚನೀಯವಲ್ಲವೆ?

ಲೋಕಾಪುರದ ಸುತ್ತಣ ಹಳ್ಳಿಗಳಲ್ಲಿ ಕಬ್ಬು ಕಡಿಯುವ ಕಾಲ ಬಂದರೆ ಮನೆಯ ಅಡಿಗೆಯೂ ಚಿಕ್ಕ ಮಕ್ಕಳ ಆರೈಕೆಯೂ ಹಿರಿಯ ಮಗಳ ಪಾಲಿಗೆ ಬರುತ್ತವೆ. ರಬಕವಿ ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕಂಡಿಕೆ ಸುತ್ತುವ ಕೈಗಳು ಹೆಚ್ಚಾಗಿ ಹೆಂಗಸರವೇ. ಪಿ.ಯು. ಕಾಲೇಜು ದೂರವಾದರೆ ತಂದೆಯು ಹೆದರುತ್ತಾನೆ. ನೆಂಟರು ವರನ ಮಾತು ತೆಗೆಯುತ್ತಾರೆ. ಈ ತಂದೆತಾಯಿಗಳು ನಿರ್ದಯರೆಂದು ನಾವು ಹೇಳುವದಿಲ್ಲ. ಮಗಳ ಮೇಲಣ ಮಮತೆಯೂ ಊರ ಮಾತಿನ ಭಯವೂ ಅವರ ಮನಸ್ಸಿನಲ್ಲಿ ಒಟ್ಟಿಗೆ ಬೆರೆತಿರುತ್ತವೆ.

ಕಾನೂನು ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಮಾಡುವದು ಅಪರಾಧ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಂಥ ಮದುವೆಯು ಮೊದಲಿನಿಂದಲೇ ಅಸಿಂಧು. ಆದರೆ ಕಾನೂನು ಹಂದರದ ಬಾಗಿಲಿಗೆ ಬಂದು ನಿಲ್ಲುವದಕ್ಕಿಂತ ಮುಂಚೆ ಯಾರಾದರೂ ಹುಡುಗಿಯ ಕೈ ಹಿಡಿದು ಮುಂದಿನ ತರಗತಿಗೆ ಮುಟ್ಟಿಸಬೇಕಲ್ಲವೆ? ಆ ಕೆಲಸವೇ ಯುವಜನ ಅಭಿವೃದ್ಧಿಯ ಮೊದಲನೆಯ ಮೆಟ್ಟಲು.

ಈಗಿನ ಯೋಜನೆಗಳು ಬಹುಮಟ್ಟಿಗೆ ಈ ಮೆಟ್ಟಲನ್ನು ದಾಟಿದವರಿಗೇ ದೊರೆಯುತ್ತವೆ. ಉದ್ಯೋಗವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಹೀಗೆ ಹೆಚ್ಚೆಂದರೆ ಎರಡು ವರ್ಷ ಕೊಡುವ ಯುವನಿಧಿಯು 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಆರಂಭವಾಯಿತು. ಅದು ಒಳ್ಳೆಯದೇ, ಆದರೆ ಹತ್ತನೆಯ ಇಯತ್ತೆಗೆ ಓದು ನಿಂತವಳಿಗೆ ಅದರಲ್ಲಿ ಪಾಲಿಲ್ಲ. ಕೇಂದ್ರ ಸರಕಾರದವರು 2023ರ ಅಕ್ಟೋಬರ್ 31ರಂದು ಆರಂಭಿಸಿದ ಮೇರಾ ಯುವ ಭಾರತವು 15ರಿಂದ 29 ವರ್ಷದವರೆಲ್ಲರಿಗೂ ತೆರೆದಿದ್ದರೂ, ಅದರಲ್ಲಿ ಹೆಸರು ಬರೆಯಿಸುವದು ಅಂತರ್ಜಾಲದಲ್ಲಿ. ತಂದೆಯದೋ ಅಣ್ಣನದೋ ಮೊಬೈಲು ಮಾತ್ರ ಇರುವ ಮನೆಯಲ್ಲಿ ಹುಡುಗಿಯು ಯಾರನ್ನು ಕೇಳಬೇಕು?

ಇದಕ್ಕೆ ಬೇರೆ ಬಗೆಯ ಉದಾಹರಣೆಯೂ ಉಂಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯು ನಮ್ಮ ರಾಜ್ಯದ ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ಪದವಿಯನ್ನು ಕೇಳದೆ, ಮೊಬೈಲನ್ನು ಕೇಳದೆ ಅದು ಹುಡುಗಿಯ ಬಳಿಗೇ ಬಂತು. ಆದರೆ ಟಿಕೇಟಿನ ಹಣ ಉಳಿದರೆ ಸಾಲದು. ಬೆಳಿಗ್ಗೆ ತರಗತಿಯ ಹೊತ್ತಿಗೂ ಸಂಜೆ ದೀಪ ಹಚ್ಚುವದರೊಳಗೆ ಊರು ಮುಟ್ಟುವದಕ್ಕೂ ಬಸ್ಸು ಬೇಕು.

ಆದಕಾರಣ ನಾವು ಮೂರು ಸಂಗತಿಗಳನ್ನು ವಿನಯದಿಂದ ಸೂಚಿಸುತ್ತೇವೆ. ಮೊದಲನೆಯದು: ಹತ್ತನೆಯ ಇಯತ್ತೆಯನ್ನು ಬಿಟ್ಟು ಹೋದ ಪ್ರತಿ ಹುಡುಗಿಯ ಹೆಸರನ್ನೂ ಶಾಲೆಯೂ ಗ್ರಾಮ ಪಂಚಾಯತಿಯೂ ಕೂಡಿ ಪಟ್ಟಿಮಾಡಿ, ಹದಿನೆಂಟು ತುಂಬುವ ವರೆಗೆ ಅವಳ ಕ್ಷೇಮಸಮಾಚಾರವನ್ನು ವಿಚಾರಿಸಬೇಕು. ಎರಡನೆಯದು: ಬಸ್ಸಿನ ವೇಳೆಯನ್ನು ಗೊತ್ತುಮಾಡುವಾಗ ಕಾಲೇಜಿನ ವೇಳೆಯನ್ನು ನೋಡಬೇಕು, ಬಸ್ಸು ಮುಟ್ಟದಲ್ಲಿ ಹೆಣ್ಣುಮಕ್ಕಳ ವಸತಿಗೃಹವಿರಬೇಕು. ಮೂರನೆಯದು: ಯುವಜನರ ಯೋಜನೆಗಳಿಗೆ ಶಾಲೆಯಲ್ಲಿಯೇ, ಶಿಕ್ಷಕಿಯರ ಎದುರಿನಲ್ಲಿ, ಹೆಸರು ಬರೆದುಕೊಳ್ಳಬೇಕು. ಇವು ಮೂರಕ್ಕೂ ಹೊಸ ನೀತಿ ಬೇಕಾಗಿಲ್ಲ. ಇರುವ ನೀತಿಯು ಎರಡು ಹೆಜ್ಜೆ ಮುಂದೆ ಬಂದರೆ ಸಾಕು.

ನೆರೆಯ ಮುಧೋಳವು ಮಹಾಕವಿ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಹುಡುಗನು ವಿದ್ಯೆಗಾಗಿ ದೂರದ ಶ್ರವಣಬೆಳಗೊಳದ ವರೆಗೆ ಹೋದನು. ಅಲ್ಲಿ ಅವನಿಗೆ ಅಜಿತಸೇನಾಚಾರ್ಯರಂಥ ಗುರುವೂ ಚಾವುಂಡರಾಯನಂಥ ಆಶ್ರಯದಾತನೂ ದೊರೆತರು. ಮುಂದೆ 993ರಲ್ಲಿ ಅವನ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆ ಎಂಬ ಹೆಣ್ಣುಮಗಳು. ಬುದ್ಧಿಯು ಬಳೆಗಾರನ ಮನೆಯಲ್ಲಿಯೂ ಹುಟ್ಟುತ್ತದೆ. ತಕ್ಕ ಕಾಲಕ್ಕೆ ಆಸರೆ ಸಿಕ್ಕಿದರೆ ಸಾವಿರ ವರ್ಷ ಬಾಳುತ್ತದೆ. ಇಂದಿನ ಬಳೆಗಾರನ ಮಗಳಿಗೂ ನೇಕಾರನ ಮಗಳಿಗೂ ಆ ಆಸರೆ ಬೇಡವೆ?

ಸರಕಾರದವರು ತಮ್ಮ ಪಾಲಿನದನ್ನು ಮಾಡಲಿ. ಅದು ಬರುವ ವರೆಗೆ ಈ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೈಕಟ್ಟಿ ಕೂಡ್ರಬಾರದು. ನಿಮ್ಮ ಓಣಿಯಲ್ಲಿ ಈ ವರ್ಷ ಹತ್ತನೆಯ ಇಯತ್ತೆ ಮುಗಿಸಿದ ಹುಡುಗಿ ಯಾರೆಂದು ಕೇಳಿರಿ. ಅವಳ ಮನೆಗೆ ಹೋಗಿ, ಅವಳ ತಾಯಿಯ ಸಂಗಡ ಕುಳಿತು ಮಾತಾಡಿರಿ. ಒಬ್ಬೊಬ್ಬರು ಒಬ್ಬೊಬ್ಬಳನ್ನು ಇನ್ನೆರಡು ವರ್ಷ ಓದಿನಲ್ಲಿ ಉಳಿಸಿದರೆ, ಅದರಷ್ಟು ದೊಡ್ಡ ದೇಶಸೇವೆಯನ್ನು ನಾವು ಬೇರೆ ಕಾಣೆವು.