ಲಾಡ್ಜ್‌ ಬಾಗಿಲು ಗಾಲಿಕುರ್ಚಿಗೂ ತೆರೆಯಲಿ



ನಾಗರಹೊಳೆ, ಕಬಿನಿ ಹಿನ್ನೀರು, ಬೈಲಕುಪ್ಪೆ, ಚುಂಚನಕಟ್ಟೆ ನೋಡಲು ಬರುವವರು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ತಂಗುತ್ತಾರೆ. ಗಾಲಿಕುರ್ಚಿ ಬಳಸುವ ನನ್ನ ಅಕ್ಕನಿಗೆ ಅಲ್ಲಿನ ಲಾಡ್ಜ್‌ನವರನ್ನು ರೂಮು ಕೇಳಿದರೆ, ‘ಹುಡುಗರು ಎತ್ತಿಕೊಂಡು ಹೋಗ್ತಾರೆ ಬಿಡಿ’ ಎನ್ನುತ್ತಾರೆ. ಒಳ್ಳೆಯ ಮನಸ್ಸಿನ ಮಾತೇ. ಆದರೆ ಅಪರಿಚಿತರ ತೋಳಲ್ಲಿ ಮೆಟ್ಟಿಲು ಹತ್ತುವುದು ಆಕೆಗೆ ಬೇಡ. ಬಾತ್‌ರೂಮಿನ ಬಾಗಿಲು ಕಿರಿದಾದರೆ ರೂಮು ಸೇರಿಯೂ ಪ್ರಯೋಜನವಿಲ್ಲ. ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು, 90 ಸೆಂ.ಮೀ. ಅಗಲದ ಬಾಗಿಲು, ಕಮೋಡ್ ಪಕ್ಕ ಗಟ್ಟಿ ಹಿಡಿಕೆ ಇರುವ ಒಂದಾದರೂ ರೂಮು ನೆಲಮಹಡಿಯಲ್ಲಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ, ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಕಟ್ಟಡದ ಅನುಮತಿಯನ್ನೇ ಕೊಡುವಂತಿಲ್ಲ. ಹೊಸ ಲಾಡ್ಜ್‌ಗಳ ನಕ್ಷೆ ಮಂಜೂರು ಮಾಡುವಾಗ ಸ್ಥಳೀಯ ಸಂಸ್ಥೆಗಳು ಇದನ್ನು ಕಡ್ಡಾಯವಾಗಿ ಪರಿಶೀಲಿಸಲಿ.

– ಓದುಗ, ಹುಣಸೂರು